ತಪ್ಪು ನಿಮ್ಮ ಕೈಯದ್ದು ಸ್ವಾಮಿ!

ವೀಕ್ಷಕರೇ, ಮೊನ್ನೆ ಲೈವ್‌ನಲ್ಲಿ ಆದದ್ದನ್ನ ನಿಮ್ಮಲ್ಲಿ ಕೆಲವರಾದ್ರೂ ನೋಡಿರ್ತೀರಿ. ಮಲೆನಾಡಲ್ಲಿ ವಿಪರೀತ ಮಳೆ, ಗುಡ್ಡ ಕುಸಿದಿದೆ, ನಮ್ಮ ವರದಿಗಾರರು ಫೋನೋದಲ್ಲಿದ್ದಾರೆ. "ಸರ್, ಇಲ್ಲಿ ರಸ್ತೆ ಮೇಲೆ..." ಅಷ್ಟೇ. ಲೈನ್ ಕಟ್. ನಾನು "ಹಲೋ, ಹಲೋ, ನನ್ನ ಧ್ವನಿ ಕೇಳಿಸ್ತಿದೆಯಾ?" ಅಂತ ಮೂರು ಸಲ ಕೂಗಿ, ಆಮೇಲೆ ನಾವು ಆ್ಯಂಕರ್‌ಗಳು ದಿನಾ ಪಠಿಸೋ ಮಂತ್ರ ಪಠಿಸಿದೆ: ಸಂಪರ್ಕ ಕಡಿತಗೊಂಡಿದೆ, ಮತ್ತೆ ಸಂಪರ್ಕಿಸುವ ಪ್ರಯತ್ನ ಮಾಡ್ತೀವಿ.

ಆ ಹುಡುಗ ಹಿಂದಿನ ತಿಂಗಳಷ್ಟೇ ಕಂತಿನಲ್ಲಿ ಹೊಸ ಸ್ಮಾರ್ಟ್‌ಫೋನ್ ತಗೊಂಡಿದ್ದ. ತಗೊಂಡ ದಿನದಿಂದ ಇದೇ ಗೋಳು. ಅಂಗಡಿಯವರನ್ನ ಕೇಳಿದ್ರೆ "ನೆಟ್‌ವರ್ಕ್ ಪ್ರಾಬ್ಲಂ ಸರ್" ಅಂದ್ರಂತೆ. ಸಿಮ್ ಕಂಪನಿಗೆ ಫೋನ್ ಮಾಡಿದ್ರೆ "ನಿಮ್ಮ ಹ್ಯಾಂಡ್‌ಸೆಟ್ ಚೆಕ್ ಮಾಡಿಸಿ" ಅಂದ್ರಂತೆ. ಇವರು ಅವರ ಕಡೆ ಒದೆಯೋದು, ಅವರು ಇವರ ಕಡೆ ಒದೆಯೋದು. ಮಧ್ಯೆ ಚೆಂಡಾದವನು ದುಡ್ಡು ಕೊಟ್ಟವನು.

ಈ ಆಟಕ್ಕೆ ಒಂದು ಇತಿಹಾಸ ಇದೆ. ಅದರ ದೊಡ್ಡ ಪಂದ್ಯ ನಡೆದದ್ದು ಅಮೆರಿಕದಲ್ಲಿ, 2010ರಲ್ಲಿ.

ಆ ವರ್ಷ ಜೂನ್ 24ಕ್ಕೆ ಆ್ಯಪಲ್ ಕಂಪನಿಯ ಐಫೋನ್ 4 ಮಾರುಕಟ್ಟೆಗೆ ಬಂತು. ಜನ ಅಂಗಡಿ ಮುಂದೆ ಸಾಲುಗಟ್ಟಿ ನಿಂತು ಕೊಂಡರು. ಮೂರು ವಾರದಲ್ಲಿ 30 ಲಕ್ಷ ಫೋನ್ ಮಾರಾಟ. ಆ ಫೋನಿನ ಸೊಬಗೇ ಅದರ ಸುತ್ತ ಇದ್ದ ಉಕ್ಕಿನ ಪಟ್ಟಿ. ಆ ಪಟ್ಟಿ ಬರೀ ಅಲಂಕಾರ ಅಲ್ಲ, ಅದೇ ಆಂಟೆನಾ. ಎರಡು ತುಂಡು: ಒಂದು ವೈಫೈ, ಬ್ಲೂಟೂತ್, ಜಿಪಿಎಸ್‌ಗೆ, ಇನ್ನೊಂದು ಮೊಬೈಲ್ ಸಿಗ್ನಲ್‌ಗೆ. ಎರಡರ ಮಧ್ಯೆ ಎಡಗಡೆ ಕೆಳಮೂಲೆಯಲ್ಲಿ ಒಂದು ಸಣ್ಣ ಕಪ್ಪು ಗೆರೆಯಷ್ಟು ಸಂದು. ಒಳಗೆ ಅಡಗಿರಬೇಕಾದ ಆಂಟೆನಾನ ಹೊರಗೆ ತಂದು ಕೂರಿಸಿದ್ದು ಬುದ್ಧಿವಂತಿಕೆಯೇ. ಆದ್ರೆ ಮನುಷ್ಯ ಫೋನನ್ನ ಕೈಯಲ್ಲಿ ಹಿಡ್ಕೊಳ್ತಾನಲ್ಲ? ಎಡಗೈಯಲ್ಲಿ ಹಿಡಿದ್ರೆ ಅಂಗೈ ಸರಿಯಾಗಿ ಆ ಸಂದಿನ ಮೇಲೇ ಕೂರತ್ತೆ. ಚರ್ಮದಲ್ಲಿ ವಿದ್ಯುತ್ ಹರಿಯುತ್ತೆ, ಬೇರೆ ಬೇರೆ ಇರಬೇಕಾದ ಎರಡು ತುಂಡು ಒಂದಾಗತ್ತೆ, ಸಿಗ್ನಲ್ ಕುಸಿಯತ್ತೆ. ಟವರ್ ದೂರ ಇದ್ದ ಕಡೆ ಕಾಲ್ ಕಟ್.

ಜನ ದೂರು ಕೊಟ್ರು. ಒಬ್ಬ ಗ್ರಾಹಕರು ನೇರವಾಗಿ ಸ್ಟೀವ್ ಜಾಬ್ಸ್‌ಗೇ ಇಮೇಲ್ ಹಾಕಿದ್ರು. ಬಂದ ಉತ್ತರದ ಸಾರಾಂಶ: ಹಾಗೆ ಹಿಡ್ಕೋಬೇಡಿ! ನಮ್ಮೂರ ಕಡೆ ದೋಸೆ ಸುಡ್ತು ಅಂದ್ರೆ ಬಾಯಿ ತೆರೆಯೋಕೆ ಬರಲ್ಲ ನಿಂಗೆ ಅಂದಂಗಾಯ್ತು.

ಜುಲೈ 2ಕ್ಕೆ ಕಂಪನಿ ಒಂದು ಪತ್ರ ಬಿಡ್ತು. ಅದನ್ನ ಓದಿ ನನಗೆ ನಗಬೇಕೋ ಅಳಬೇಕೋ ತಿಳೀಲಿಲ್ಲ. ಫೋನಿನ ಮೂಲೆಯಲ್ಲಿ ಸಿಗ್ನಲ್ ತೋರಿಸೋ ಕಡ್ಡಿಗಳಿರ್ತವಲ್ಲ, ಅದನ್ನ ಲೆಕ್ಕ ಹಾಕೋ ಸೂತ್ರವೇ ಪೂರ್ತಿ ತಪ್ಪಾಗಿತ್ತು ಅಂತ ಅವರೇ ಒಪ್ಪಿಕೊಂಡ್ರು. ಎರಡು ಕಡ್ಡಿ ತೋರಿಸಬೇಕಾದ ಕಡೆ ನಾಲ್ಕು ತೋರಿಸ್ತಿತ್ತು. ಅಂದ್ರೆ, ನಿಮ್ಮ ಸಿಗ್ನಲ್ ಬೀಳಲಿಲ್ಲ, ಮೊದಲಿಂದಲೂ ಇರಲೇ ಇಲ್ಲ ಅನ್ನೋದು ಅವರ ಸಮಾಧಾನ. ಸಾಫ್ಟ್‌ವೇರ್ ತಿದ್ದಿದ್ರು. ಜೊತೆಗೆ ಮೊದಲ ಮೂರು ಕಡ್ಡಿಗಳನ್ನ ಸ್ವಲ್ಪ ಎತ್ತರ ಮಾಡಿದ್ರು, ನೋಡೋಕೆ ಸುಲಭ ಆಗ್ಲಿ ಅಂತ! ಗಮನಿಸಿ, ಆ ಕಡ್ಡಿಗಳಿಗೆ ಎಲ್ಲ ಕಂಪನಿಗೂ ಒಂದೇ ಅನ್ನೋ ಅಳತೆ ಇಲ್ಲ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಅಂತ ಫೋನ್ ಮಾಡೋರೇ ತೀರ್ಮಾನಿಸ್ತಾರೆ. ನಾವು ಅದನ್ನ ಥರ್ಮಾಮೀಟರ್ ಥರ ನಂಬ್ಕೊಂಡು ಕೂತಿದ್ದೀವಿ.

ಜುಲೈ 12ಕ್ಕೆ ಕನ್ಸ್ಯೂಮರ್ ರಿಪೋರ್ಟ್ಸ್ ಅನ್ನೋ ಗ್ರಾಹಕರ ಪತ್ರಿಕೆ ತನ್ನ ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ದೋಷ ಫೋನಿನದ್ದೇ, ಇದನ್ನ ಕೊಳ್ಳಿ ಅಂತ ನಾವು ಹೇಳಲಾರೆವು ಅಂದುಬಿಡ್ತು. ಆಗ ಬಿಸಿ ತಟ್ಟಿತು. ಜುಲೈ 16ಕ್ಕೆ ಜಾಬ್ಸ್ ಪತ್ರಿಕಾಗೋಷ್ಠಿ ಕರೆದರು. ಬೇರೆ ಕಂಪನಿ ಫೋನ್‌ಗಳಲ್ಲೂ ಹಿಡಿದಾಗ ಸಿಗ್ನಲ್ ಬೀಳತ್ತೆ ಅಂತ ವಿಡಿಯೋ ತೋರಿಸಿದ್ರು. ಅದು ಸುಳ್ಳಲ್ಲ, ಯಾವ ಫೋನಾದ್ರೂ ಕೈಯಲ್ಲಿ ಮುಚ್ಚಿದ್ರೆ ಸ್ವಲ್ಪ ಬೀಳತ್ತೆ. ಆದ್ರೆ ಹಿಂದಿನ ಮಾದರಿಗಿಂತ ಇದರಲ್ಲಿ ಕಾಲ್ ಕಟ್ ಆಗೋದು ಸ್ವಲ್ಪ ಜಾಸ್ತಿ, ನೂರಕ್ಕೆ ಒಂದಕ್ಕಿಂತ ಕಡಿಮೆ ಅಂತರ, ಅಂತಲೂ ಒಪ್ಪಿಕೊಂಡ್ರು. ಕೊನೆಗೆ 29 ಡಾಲರ್‌ಗೆ ಮಾರ್ತಿದ್ದ ರಬ್ಬರ್ ಅಂಚಿನ ಕವಚವನ್ನ ಪುಕ್ಕಟೆ ಕೊಡ್ತೀವಿ ಅಂದ್ರು. ವಿಷಯ ಕೋರ್ಟಿಗೂ ಹೋಯ್ತು. 2012ರಲ್ಲಿ ರಾಜಿ ಆಯ್ತು: ಗ್ರಾಹಕನಿಗೆ 15 ಡಾಲರ್, ಇಲ್ಲಾ ಪುಕ್ಕಟೆ ಕವಚ. ದೊಡ್ಡ ಮೊತ್ತ ಏನಲ್ಲ. ಆದ್ರೂ ದುಡ್ಡು ತಗೊಂಡವನ ಕೈಯಿಂದ ದುಡ್ಡು ಕೊಟ್ಟವನ ಕೈಗೆ ವಾಪಸ್ ಬಂತು ನೋಡಿ, ಅದು ಮುಖ್ಯ.

ಈಗ ನಮ್ಮ ದೇಶಕ್ಕೆ ಬನ್ನಿ. ನಮ್ಮಲ್ಲಿ ಮೊದಲ ಮೊಬೈಲ್ ಕರೆ ಆದದ್ದು 1995ರ ಜುಲೈ 31ಕ್ಕೆ. ಕೋಲ್ಕತಾದಿಂದ ಜ್ಯೋತಿ ಬಸು, ದೆಹಲಿಯಲ್ಲಿದ್ದ ಸುಖ್ ರಾಮ್ ಜೊತೆ ಮಾತಾಡಿದ್ರು. ಆಗೆಲ್ಲ ಬರೋ ಕರೆಗೂ ದುಡ್ಡು ಕೊಡಬೇಕಿತ್ತು. ಇಪ್ಪತ್ತು ವರ್ಷ ಕಳೆಯೋದ್ರಲ್ಲಿ ಎಲ್ಲರ ಜೇಬಿಗೂ ಫೋನ್ ಬಂತು, ಜೊತೆಗೆ 'ಕಾಲ್ ಡ್ರಾಪ್' ಅನ್ನೋ ಪದ ಪಾರ್ಲಿಮೆಂಟಿಗೂ ಬಂತು. 2015ರ ಅಕ್ಟೋಬರ್ 16ಕ್ಕೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದ್ರೆ ಟ್ರಾಯ್, ಒಂದು ನಿಯಮ ತಂತು. ಕಾಲ್ ಕಟ್ ಆದ್ರೆ ಕರೆ ಮಾಡಿದವನಿಗೆ ಕಂಪನಿ ಒಂದು ರೂಪಾಯಿ ವಾಪಸ್ ಕೊಡಬೇಕು. ದಿನಕ್ಕೆ ಹೆಚ್ಚೆಂದ್ರೆ ಮೂರು ಸಲ. 2016ರ ಜನವರಿ 1ರಿಂದ ಜಾರಿ.

ನಿಮಗ್ಯಾರಿಗಾದ್ರೂ ಆ ರೂಪಾಯಿ ಬಂತಾ? ನನಗಂತೂ ಬರಲಿಲ್ಲ.

ಕಂಪನಿಗಳು ಕೋರ್ಟಿಗೆ ಹೋದವು. ದೆಹಲಿ ಹೈಕೋರ್ಟ್ ಜನರ ಪರ ನಿಂತಿತು. ಕಂಪನಿಗಳು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವು. ಅವುಗಳ ಪರ ವಾದಿಸಿದವರು ಕಪಿಲ್ ಸಿಬಲ್, ಎರಡು ವರ್ಷದ ಹಿಂದಿನವರೆಗೂ ಇದೇ ಖಾತೆಯ ಮಂತ್ರಿಯಾಗಿದ್ದವರು! ವಕೀಲಿಕೆ ಅವರ ವೃತ್ತಿ, ತಪ್ಪೇನಿಲ್ಲ. ಆದ್ರೂ ನೆನಪಿಗೆ ಬಂತು, ಹೇಳಿದೆ. 2016ರ ಮೇ 11ಕ್ಕೆ ನ್ಯಾಯಮೂರ್ತಿಗಳಾದ ಕುರಿಯನ್ ಜೋಸೆಫ್ ಮತ್ತು ರೋಹಿಂಟನ್ ನಾರಿಮನ್ ಆ ನಿಯಮವನ್ನ ರದ್ದು ಮಾಡಿದ್ರು. ಪ್ರತಿ ಕಾಲ್ ಡ್ರಾಪ್‌ಗೂ ಕಂಪನಿಯೇ ಹೊಣೆ ಅನ್ನೋದು ಮನಸೋಇಚ್ಛೆಯ ನಿಯಮ, ಪ್ರಾಧಿಕಾರದ ಅಧಿಕಾರವನ್ನ ಮೀರಿದ್ದು ಅನ್ನೋದು ತೀರ್ಪು. ಅದಕ್ಕೆ ಟ್ರಾಯ್‌ನದ್ದೇ ತಾಂತ್ರಿಕ ವರದಿ ಆಧಾರವಾಯ್ತು. ಅದರ ಪ್ರಕಾರ ಸರಾಸರಿ 36.9% ಕಾಲ್ ಡ್ರಾಪ್ ಗ್ರಾಹಕನ ಕಡೆಯ ಕಾರಣಕ್ಕೆ ಆಗೋದು. ಮತ್ತೆ ಬಂತಲ್ಲ ಸ್ವಾಮಿ, ನಿಮ್ಮ ಕೈಯದ್ದೇ ತಪ್ಪು!

ನನ್ನ ತಕರಾರು ಇಷ್ಟೇ. ಮೂರರಲ್ಲಿ ಒಂದು ಪಾಲು ನಮ್ಮದು ಅಂತಲೇ ಇಟ್ಕೊಳ್ಳೋಣ, ಉಳಿದ ಎರಡು ಪಾಲಿನ ರೂಪಾಯಿ ಎಲ್ಲಿ? ಆಮೇಲೆ 2017ರಲ್ಲಿ ಗುಣಮಟ್ಟದ ನಿಯಮ ಬಿಗಿ ಮಾಡಿ, 10 ಲಕ್ಷ ರೂಪಾಯಿವರೆಗೆ ದಂಡ ಅಂದ್ರು. ಆದ್ರೆ ದಂಡ ಹೋಗೋದು ಸರ್ಕಾರಕ್ಕೆ. ಮಾತು ಕಟ್ ಆದವನಿಗೆ ಏನೂ ಇಲ್ಲ. ಹಾಗಂತ ಕಂಪನಿಗಳ ಮಾತೆಲ್ಲ ನೆಪ ಅಂತ ತಳ್ಳಿಹಾಕೋಕೂ ಆಗಲ್ಲ. ಬೆಂಗಳೂರಿನ ಬಡಾವಣೆಗಳಲ್ಲಿ ಟವರ್ ಬೇಡ ಅಂತ ಬೋರ್ಡ್ ಹಿಡಿಯೋರೂ ನಾವೇ, ಮಲಗೋ ಕೋಣೇಲಿ ಸಿಗ್ನಲ್ ಇಲ್ಲ ಅಂತ ಬೈಯೋರೂ ನಾವೇ.

ಮಲೆನಾಡಿನವರು ಮಾತ್ರ ಟವರ್ ಬೇಡ ಅಂದವರಲ್ಲ. ಟವರ್ ಕೊಡಿ ಅಂತ ವರ್ಷಗಟ್ಟಲೆ ಅರ್ಜಿ ಹಿಡಿದು ಓಡಾಡಿದವರು. ಅವತ್ತು ನಮ್ಮ ಹುಡುಗ ಮತ್ತೆ ಲೈನಿಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ ಆದಮೇಲೆ, ಶಾಲೆಯ ತಾರಸಿ ಹತ್ತಿ ನಿಂತು. ಬುಲೆಟಿನ್ ಮುಗಿದಿತ್ತು. ನನಗೇ ಹೇಳಿದ: "ಸರ್, ಮಣ್ಣು ಬಿದ್ದ ಮನೆಯವರು ಫೈರ್ ಸ್ಟೇಷನ್‌ಗೆ ಫೋನ್ ಮಾಡಿದ್ರಂತೆ. ಊರ ಹೆಸರು ಹೇಳೋಕೆ ಮುಂಚೆನೇ ಎರಡು ಸಲ ಕಟ್ ಆಯ್ತಂತೆ. ಕೊನೆಗೆ ಪಕ್ಕದ ಮನೆ ಹುಡುಗನ್ನ ಬೈಕಲ್ಲಿ ಕಳಿಸಿದ್ರು ಸರ್."