ಪಕ್ಕದ ಮೇಜು: ವಿನ್ಯಾಸ ಸ್ಟುಡಿಯೋ ಮತ್ತು ಆನ್‌ಲೈನ್ ಬೋಧನೆ

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಕಟ್ಟಡ ಸಾಮಗ್ರಿ, ವಾಸ್ತುಶಿಲ್ಪದ ಇತಿಹಾಸದಂಥ ಉಪನ್ಯಾಸಗಳು ಹೇಗೋ ಪರದೆಗೆ ಹೊಂದಿಕೊಂಡವು. ಹೊಂದದೆ ನಿಂತದ್ದು, ವಿದ್ಯಾರ್ಥಿಗಳು ಒಟ್ಟಿಗೆ ಕೂತು ವಿನ್ಯಾಸ ಮಾಡುತ್ತಲೇ ಕಲಿಯುವ ಸ್ಟುಡಿಯೋ. ಐದು ವರ್ಷದ ಬಿ.ಆರ್ಕ್ ಪದವಿಯ ಬೆನ್ನೆಲುಬೇ ಅದು. ಆಮೇಲಿನ ಚರ್ಚೆ ಗುರು–ವಿದ್ಯಾರ್ಥಿಗಳ ನಡುವಿನ ದೂರವನ್ನೇ ಹಿಡಿದುಕೊಂಡಿತು. ಆದರೆ ಗುರುವಿಗಿಂತ ಹೆಚ್ಚಾಗಿ ಕಳೆದುಹೋದದ್ದು ಪಕ್ಕದ ಮೇಜು ಎಂಬುದು ಈ ಲೇಖನದ ವಾದ.

ಶಿಕ್ಷಣ ಚಿಂತಕ ಡೊನಾಲ್ಡ್ ಶೋನ್ ತಮ್ಮ ‘ದಿ ರಿಫ್ಲೆಕ್ಟಿವ್ ಪ್ರಾಕ್ಟಿಷನರ್’ (1983) ಕೃತಿಯಲ್ಲಿ ಸ್ಟುಡಿಯೋದ ಒಂದು ಪ್ರಸಂಗವನ್ನು ಎಳೆಎಳೆಯಾಗಿ ಬಿಡಿಸಿದ್ದಾರೆ. ಇಳಿಜಾರು ನಿವೇಶನದಲ್ಲಿ ಶಾಲೆಯನ್ನು ಕೂರಿಸಲಾಗದೆ ಪೆಟ್ರಾ ಎಂಬ ವಿದ್ಯಾರ್ಥಿನಿ ಕಂಗೆಟ್ಟಿದ್ದಾಳೆ. ಅಧ್ಯಾಪಕ ಕ್ವಿಸ್ಟ್ ಅವಳ ನಕ್ಷೆಯ ಮೇಲೆ ಟ್ರೇಸಿಂಗ್ ಹಾಳೆ ಹಾಸಿ, ಮಾತಾಡುತ್ತಲೇ ಗೆರೆ ಎಳೆಯುತ್ತಾನೆ. ಅವನ ‘ಇಲ್ಲಿ’, ‘ಇದು’ಗಳಿಗೆ ಪೆನ್ಸಿಲಿನ ಮೊನೆಯಿಲ್ಲದೆ ಅರ್ಥವಿಲ್ಲ. ಟ್ಯಾಬ್ಲೆಟ್, ಸ್ಟೈಲಸ್ ಇದ್ದರೆ ಈ ಗೆರೆಯೂ ಮಾತೂ ಪರದೆ ದಾಟಿಯಾವು. ದಾಟದೆ ಉಳಿಯುವವನು, ಆ ಮಾತಿಗೆ ಅರ್ಧ ಕಿವಿಗೊಟ್ಟು ತನ್ನ ಹಾಳೆಯ ಮೆಟ್ಟಿಲನ್ನು ತಿದ್ದಿಕೊಳ್ಳುತ್ತಿದ್ದ ಪಕ್ಕದ ಮೇಜಿನ ಹುಡುಗ. ವಿಡಿಯೋ ಕರೆಯಲ್ಲಿ ಒಬ್ಬರ ಸರದಿ ಬಂದರೆ ಮಿಕ್ಕವರು ಮ್ಯೂಟ್; ಅರೆಬೆಂದ ಕೆಲಸ ಯಾರ ಕಣ್ಣಿಗೂ ಬೀಳದು. (ಕದ್ದು ನೋಡಿ ಕಲಿಯುವುದನ್ನು ಯಾವ ಸಿಲಬಸ್ಸೂ ಒಪ್ಪಿಕೊಂಡಿಲ್ಲ, ಬಿಡಿ.)

ಅಳತೆಯದು ಇನ್ನೊಂದು ತೊಡಕು. 1:100ರ ನಕ್ಷೆಯಲ್ಲಿ ಒಂದು ಮೀಟರ್ ಅಗಲದ ಬಾಗಿಲು ಒಂದು ಸೆಂಟಿಮೀಟರ್. ಹಾಳೆಯ ಮೇಲೆ ಅದು ಸದಾ ಅಷ್ಟೇ. ಪರದೆಯಲ್ಲಿ ಎರಡು ಬೆರಳು ಅಗಲಿಸಿದರೆ ಬಚ್ಚಲೂ ಸಭಾಂಗಣ.

ಹಾಗೆಂದು ವಿನ್ಯಾಸವನ್ನು ದೂರದಿಂದ ಕಲಿಸಲಾಗದು ಎಂದು ತೀರ್ಪು ಕೊಡುವಂತಿಲ್ಲ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1970ರ ದಶಕದಿಂದಲೂ ಆ ಕೆಲಸ ಮಾಡುತ್ತಿದೆ. 2010ರಲ್ಲಿ ಅದು ಆರಂಭಿಸಿದ ‘ಡಿಸೈನ್ ಥಿಂಕಿಂಗ್’ ಕೋರ್ಸಿನ ಓಪನ್‌ಡಿಸೈನ್‌ಸ್ಟುಡಿಯೋದಲ್ಲಿ ವಿದ್ಯಾರ್ಥಿಗಳು ತಮ್ಮ ಕೆಲಸದ ಫೋಟೋ ಏರಿಸುತ್ತಿದ್ದರು, ಪರಸ್ಪರ ನೋಡುತ್ತಿದ್ದರು, ಟಿಪ್ಪಣಿ ಬರೆಯುತ್ತಿದ್ದರು. ಪಕ್ಕದ ಮೇಜನ್ನು ಅಲ್ಲಿ ಯೋಚಿಸಿ ಕಟ್ಟಲಾಗಿತ್ತು. 2020ರಲ್ಲಿ ನಮ್ಮಲ್ಲಿ ಪರದೆಗೆ ಹೋದದ್ದು ಹೆಚ್ಚಾಗಿ ವೇಳಾಪಟ್ಟಿ ಮಾತ್ರ.

ಹೀಗಿರುವಾಗ ಅಂತಿಮ ಜ್ಯೂರಿಯನ್ನು, ಅಂದರೆ ತಜ್ಞರ ಮುಂದೆ ನಡೆಯುವ ಮೌಲ್ಯಮಾಪನವನ್ನು, ಆನ್‌ಲೈನಿಗೆ ಬಿಟ್ಟುಕೊಟ್ಟರೆ ನಷ್ಟ ಕಡಿಮೆ. ಮುಗಿದ ಶೀಟನ್ನು ಎಲ್ಲಿಂದಲೂ ಓದಬಹುದು. ಹುಬ್ಬಳ್ಳಿಯ ವಿದ್ಯಾರ್ಥಿಯ ಕೆಲಸ ನೋಡಲು ಅಹಮದಾಬಾದಿನ ತಜ್ಞರು ರೈಲು ಹತ್ತಬೇಕಿಲ್ಲ. ಬಿಟ್ಟುಕೊಡಬಾರದ್ದು ಮೊದಲೆರಡು ವರ್ಷದ ದಿನನಿತ್ಯದ ಸ್ಟುಡಿಯೋ. ಅಳತೆ ಕೈಗೆ ಹತ್ತುವುದು ಆಗಲೇ.