ಮೂತ್ರದಲ್ಲಿ ತಾಮ್ರದ ಪರೀಕ್ಷೆ: ಇತಿಹಾಸ

ಇಡೀ ಒಂದು ದಿನದ ಮೂತ್ರವನ್ನು ಕೂಡಿಸಿ, ಅದರಲ್ಲಿ ಎಷ್ಟು ತಾಮ್ರ ಹೊರಬಿದ್ದಿದೆ ಎಂದು ಅಳೆಯುವ ಪ್ರಯೋಗಾಲಯ ಪರೀಕ್ಷೆ. ದೇಹಕ್ಕೆ ಬೇಡವಾದ ತಾಮ್ರದ ಬಹುಪಾಲು ಪಿತ್ತರಸದೊಡನೆ ಮಲದಲ್ಲಿ ಹೋಗುತ್ತದೆ. ಆರೋಗ್ಯವಂತರ ಮೂತ್ರಕ್ಕೆ ಬರುವುದು ದಿನಕ್ಕೆ ಸಾಮಾನ್ಯವಾಗಿ 50 ಮೈಕ್ರೋಗ್ರಾಮಿಗಿಂತ ಕಡಿಮೆ. ಅದು 100 ದಾಟಿದರೆ ವೈದ್ಯರಿಗೆ ಮೊದಲು ಹೊಳೆಯುವುದು ಅನುವಂಶಿಕವಾದ ವಿಲ್ಸನ್ ರೋಗ. ಆದರೆ ಮಹಾರಾಷ್ಟ್ರದ ಮಕ್ಕಳಲ್ಲಿ ಕಂಡ ಯಕೃತ್ತಿನ ಕಾಯಿಲೆಯೊಂದರ ಚರಿತ್ರೆ ಈ ಅಂಕಿಯ ಮಿತಿಯನ್ನು ತೋರಿಸಿಕೊಟ್ಟಿದೆ. ದೇಹದಲ್ಲಿ ತಾಮ್ರ ಹೆಚ್ಚಾಗಿದೆಯೆಂದು ಪರೀಕ್ಷೆ ಹೇಳಬಲ್ಲದು. ಅದು ಯಾವ ದಾರಿಯಿಂದ ಬಂತೆಂದು ಹೇಳಲಾರದು. ಆ ದಾರಿಯನ್ನು ಅಡುಗೆಮನೆಯಲ್ಲೂ ಹುಡುಕಬೇಕು.

ಕಿನಿಯರ್ ವಿಲ್ಸನ್ 1912ರಲ್ಲಿ ತಮ್ಮ ಹೆಸರಿನ ರೋಗವನ್ನು ವಿವರಿಸಿದಾಗ ಮೂತ್ರದ ತಾಮ್ರದ ಮಾತೇ ಇರಲಿಲ್ಲ. 1948ರಲ್ಲಿ ಮ್ಯಾಂಡೆಲ್‌ಬ್ರೋಟ್ ಮತ್ತು ಸಂಗಡಿಗರು ನರಮಂಡಲದ ಬೇರೆ ಕಾಯಿಲೆಗಳನ್ನು ಅಧ್ಯಯನ ಮಾಡುತ್ತಿದ್ದಾಗ, ವಿಲ್ಸನ್ ರೋಗಿಯ ಮೂತ್ರದಲ್ಲಿ ತಾಮ್ರ ಹೆಚ್ಚಿರುವುದೂ ಬಿಎಎಲ್ ಎಂಬ ಔಷಧ ಕೊಟ್ಟರೆ ಅದು ಇನ್ನಷ್ಟು ಏರುವುದೂ ಕಂಡಿತು. 1952ರಲ್ಲಿ ಶೈನ್‌ಬರ್ಗ್ ಮತ್ತು ಗಿಟ್ಲಿನ್ ಈ ರೋಗಿಗಳ ರಕ್ತದಲ್ಲಿ ತಾಮ್ರವನ್ನು ಹೊರುವ ಸೆರುಲೋಪ್ಲಾಸ್ಮಿನ್ ಕಡಿಮೆಯೆಂದು ತೋರಿಸಿದರು. 1956ರಲ್ಲಿ ಜಾನ್ ವಾಲ್ಶ್ ಪೆನಿಸಿಲಮೈನ್ ಗುಳಿಗೆಯನ್ನು ಚಿಕಿತ್ಸೆಗೆ ತಂದ ಮೇಲೆ ಮೂತ್ರದ ತಾಮ್ರ ಎರಡು ಕೆಲಸ ಮಾಡತೊಡಗಿತು: ರೋಗವನ್ನು ಗುರುತಿಸುವುದು, ಔಷಧ ಕೆಲಸ ಮಾಡುತ್ತಿದೆಯೇ ಎಂದು ನೋಡುವುದು. 1955ರಲ್ಲಿ ಅಲನ್ ವಾಲ್ಶ್ ರೂಪಿಸಿದ ಪರಮಾಣು ಹೀರಿಕೆ ವಿಧಾನ ಮುಂದೆ ಬಣ್ಣ ನೋಡಿ ಅಳೆಯುವ ಹಳೆಯ ಕ್ರಮಗಳ ಜಾಗಕ್ಕೆ ಬಂತು.

ಭಾರತದ ಅಧ್ಯಾಯ ತೆರೆದುಕೊಂಡದ್ದು ಎಳೆಯ ಮಕ್ಕಳ ಕಾಯಿಲೆಯಿಂದ. ಒಂದೆರಡು ವರ್ಷದ ಮಕ್ಕಳ ಹೊಟ್ಟೆ ಉಬ್ಬಿ, ಯಕೃತ್ತು ಗಟ್ಟಿಯಾಗಿ, ಸಾವಿಗೆ ಒಯ್ಯುತ್ತಿದ್ದ ಬಾಲ ಸಿರೋಸಿಸ್‌ನಲ್ಲಿ ಯಕೃತ್ತಿನ ತಾಮ್ರ ವಿಪರೀತವಿರುವುದು 1970ರ ದಶಕದ ಕೊನೆಗೆ ಖಚಿತವಾಯಿತು. ಮೂತ್ರದಲ್ಲಿಯೂ ತಾಮ್ರ ಹೆಚ್ಚಿತ್ತು. ಆದರೆ ಸೆರುಲೋಪ್ಲಾಸ್ಮಿನ್ ತಗ್ಗಿರಲಿಲ್ಲ. ಹಾಗಿದ್ದರೆ ಇದು ವಿಲ್ಸನ್ ರೋಗವಲ್ಲ. ಪುಣೆಯ ಭಾವೆ, ಪಂಡಿತ್ ಮತ್ತು ಇಂಗ್ಲೆಂಡಿನ ಸ್ಟುವರ್ಟ್ ಟ್ಯಾನರ್ 1983ರಲ್ಲಿ ಬೆರಳು ತೋರಿಸಿದ್ದು ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಿ ಕೂಸಿಗೆ ಬೇಗ ಕುಡಿಸುವ ಹಸುವಿನ, ಎಮ್ಮೆಯ ಹಾಲಿನತ್ತ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಬೆರಕೆ. ಕಲಾಯಿ ಇಲ್ಲದ ಪಾತ್ರೆಯಿಂದ ಬಿಟ್ಟ ತಾಮ್ರವನ್ನು ಹಾಲಿನ ಕೇಸಿನ್ ಎಂಬ ಪ್ರೋಟೀನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಪಾತ್ರೆ ಬದಲಾದ ಕಡೆ ಕಾಯಿಲೆ ಅಪರೂಪವಾಯಿತು. ಈ ದೇಶದ ವೈದ್ಯಚರಿತ್ರೆಯಲ್ಲಿ ಇದಕ್ಕಿಂತ ನೆಮ್ಮದಿ ಕೊಡುವ ಸಂಗತಿಗಳು ಹೆಚ್ಚಿಲ್ಲ.

ಇದಕ್ಕೆ ಆಕ್ಷೇಪಗಳೂ ಬಂದವು. ಹಿತ್ತಾಳೆ ಇದ್ದ ಎಷ್ಟೋ ಮನೆಗಳ ಮಕ್ಕಳು ಆರೋಗ್ಯವಾಗಿದ್ದರು. ಕೆಲವು ಮನೆಗಳಲ್ಲಿ ಒಂದರ ಹಿಂದೊಂದು ಕೂಸು ಬಲಿಯಾಯಿತು. ದೋಷ ವಂಶದಲ್ಲೇ ಇರಬೇಕು ಎಂಬ ವಾದ ಹುರುಳಿಲ್ಲದ್ದಲ್ಲ. ಆಸ್ಟ್ರಿಯಾದ ಟಿರೋಲ್ ಪ್ರದೇಶದಲ್ಲಿ 1900ರಿಂದ 1974ರವರೆಗೆ ಇಂಥದೇ ರೋಗಕ್ಕೆ ತುತ್ತಾದ 138 ಮಕ್ಕಳ ವಂಶಾವಳಿಯನ್ನು 1996ರಲ್ಲಿ ಪರಿಶೀಲಿಸಿದವರಿಗೆ ವಂಶದ ಒಲವೂ ತಾಮ್ರದ ಪಾತ್ರೆಯೂ ಎರಡೂ ಕಂಡವು. ಒಲವು ಇದ್ದವರಿಗೂ ಪಾತ್ರೆಯೇ ಕಿಡಿಯಾಯಿತೆಂದರೆ, ತಡೆಯಬಹುದಾದದ್ದು ಪಾತ್ರೆಯೇ. ಬಾಲ ಸಿರೋಸಿಸ್ ಮರೆಯಾದ ಮೇಲೆ ಮೂತ್ರ ಪರೀಕ್ಷೆಯ ಚರ್ಚೆ ಏಕೆ, 1993ರಲ್ಲಿ ವಿಲ್ಸನ್ ರೋಗದ ಎಟಿಪಿ7ಬಿ ಜೀನ್ ಸಿಕ್ಕಿತಲ್ಲ ಎನ್ನಬಹುದು. ಜೀನ್ ಪರೀಕ್ಷೆ ಜನ್ಮದ ದೋಷ ಹೇಳುತ್ತದೆ. ಇಂದು ಎಷ್ಟು ತಾಮ್ರ ಹೋಗುತ್ತಿದೆ, ಗುಳಿಗೆ ಸಾಕೇ ಎಂಬುದಕ್ಕೆ ಮೂತ್ರವನ್ನೇ ಕೇಳಬೇಕು.

ಮಹಾರಾಷ್ಟ್ರ-ಕರ್ನಾಟಕ ಗಡಿಯ ಉಮರ್ಗಾ, ನಿಲಂಗಾ, ಉದಗೀರ ಸೀಮೆಗೆ ಪಾತ್ರೆ, ವಂಶ ಎಂಬ ಎರಡೂ ಎಳೆಗಳು ತಾಕುತ್ತವೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯ ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ, ಉಳಿದ ಬಹುಭಾಗ ಮೈಸೂರಿಗೆ ಸೇರಿದವು. ಸೋದರಿಕೆಯ ಮದುವೆಗಳ ರೂಢಿ ಗಡಿಯ ಎರಡೂ ಕಡೆ ಉಂಟು. ತಂದೆತಾಯಿ ಇಬ್ಬರಿಂದಲೂ ದೋಷ ಬಂದರೆ ಮಾತ್ರ ಕಾಣುವ ವಿಲ್ಸನ್ ರೋಗಕ್ಕೆ ಇದು ಮುಖ್ಯ. ಬೆಂಗಳೂರಿನ ನಿಮ್ಹಾನ್ಸ್‌ನ ಎ. ಬಿ. ತಾಳಿ ಮತ್ತು ಸಹೋದ್ಯೋಗಿಗಳು ಮೂರು ದಶಕಗಳಲ್ಲಿ ಕಂಡ 282 ವಿಲ್ಸನ್ ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದ್ದಾರೆ. ಮನೆಯಲ್ಲಿ ಒಬ್ಬರಿಗೆ ರೋಗ ಕಂಡರೆ ಒಡಹುಟ್ಟಿದವರೆಲ್ಲರ ಪರೀಕ್ಷೆ ಆಗಲೇಬೇಕು. ಮೂತ್ರ ಕೂಡಿಸುವಾಗ ಮೊದಲ ದಿನ ಬೆಳಗಿನ ಮೊದಲ ಮೂತ್ರವನ್ನು ಬಿಟ್ಟು, ಮರುದಿನ ಅದೇ ಹೊತ್ತಿನದನ್ನೂ ಸೇರಿಸಿ, ನಡುವಿನ ಒಂದು ಹನಿಯೂ ತಪ್ಪದಂತೆ ಪ್ರಯೋಗಾಲಯ ಕೊಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲೇ ಹಿಡಿಯಬೇಕು. ಹಿತ್ತಾಳೆಯ ಚರಿಗೆಯಲ್ಲೋ ತಾಮ್ರದ ತಂಬಿಗೆಯಲ್ಲೋ ಹಿಡಿದು ಸುರಿದರೆ ಪಾತ್ರೆಯ ತಾಮ್ರವೂ ಲೆಕ್ಕಕ್ಕೆ ಸೇರಿ, ಇಲ್ಲದ ರೋಗವನ್ನು ತೋರಿಸೀತು.