ಸ್ಯಾಂಕಿ ರಸ್ತೆ, ಬೆಂಗಳೂರು

ಸ್ಯಾಂಕಿ ರಸ್ತೆಯು ಬೆಂಗಳೂರು ನಗರದ ಮಧ್ಯಭಾಗವನ್ನು ಸದಾಶಿವನಗರ ಹಾಗೂ ಮಲ್ಲೇಶ್ವರಗಳೊಂದಿಗೆ ಜೋಡಿಸುವ ಪ್ರಮುಖ ರಸ್ತೆಗಳಲ್ಲಿ ಒಂದು. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಹೈರಮ್ ಸ್ಯಾಂಕಿಯ ಹೆಸರನ್ನು ಈ ರಸ್ತೆಗೂ ಅದರ ಅಂಚಿನಲ್ಲಿರುವ ಕೆರೆಗೂ ಇಡಲಾಗಿದೆ. ಇಕ್ಕೆಲಗಳ ಹಳೆಯ ಮರಗಳ ಸಾಲು ಈ ರಸ್ತೆಯ ವೈಶಿಷ್ಟ್ಯ.

ಮಾರ್ಗ

ಹೈಗ್ರೌಂಡ್ಸ್ ಪ್ರದೇಶದ ಬಸವೇಶ್ವರ ವೃತ್ತದ ಬಳಿಯಿಂದ ಹೊರಡುವ ರಸ್ತೆಯು ಗಾಲ್ಫ್ ಮೈದಾನವನ್ನು ಹಾದು ಕಾವೇರಿ ಜಂಕ್ಷನ್ ತಲುಪುತ್ತದೆ. ಅಲ್ಲಿಂದ ಬಳ್ಳಾರಿ ರಸ್ತೆಯು ಹೆಬ್ಬಾಳದ ಕಡೆಗೆ ಸಾಗುತ್ತದೆ. ಸ್ಯಾಂಕಿ ರಸ್ತೆಯು ಭಾಷ್ಯಂ ವೃತ್ತದ ಮೂಲಕ ಕೆರೆಯ ಪಕ್ಕದಲ್ಲಿ ಮಲ್ಲೇಶ್ವರದ 18ನೇ ಅಡ್ಡರಸ್ತೆಯತ್ತ ಮುಂದುವರಿಯುತ್ತದೆ.

ರಿಚರ್ಡ್ ಸ್ಯಾಂಕಿ

ಸ್ಯಾಂಕಿ 1829ರಲ್ಲಿ ಐರ್ಲೆಂಡಿನಲ್ಲಿ ಜನಿಸಿ, 1846ರಲ್ಲಿ ಮದರಾಸು ಎಂಜಿನಿಯರುಗಳ ಪಡೆಯನ್ನು ಸೇರಿದರು. 1864ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ನೇಮಕಗೊಂಡು, 1877ರವರೆಗೆ ಲೋಕೋಪಯೋಗಿ ಕಾಮಗಾರಿಗಳನ್ನು ನೋಡಿಕೊಂಡರು. ಇಂದು ಉಚ್ಚ ನ್ಯಾಯಾಲಯವಿರುವ ಅಠಾರಾ ಕಚೇರಿ, 1870ರಲ್ಲಿ ರೂಪುಗೊಂಡ ಕಬ್ಬನ್ ಉದ್ಯಾನ ಮತ್ತು ಸರ್ಕಾರಿ ವಸ್ತುಸಂಗ್ರಹಾಲಯದ ಕಟ್ಟಡ ಅವರ ಕಾಲದ ಪ್ರಮುಖ ನಿರ್ಮಾಣಗಳು. ಬಳಿಕ ಅವರು ಮದರಾಸಿನಲ್ಲಿಯೂ, ಐರ್ಲೆಂಡಿನ ಲೋಕೋಪಯೋಗಿ ಮಂಡಳಿಯ ಅಧ್ಯಕ್ಷರಾಗಿಯೂ ಸೇವೆ ಸಲ್ಲಿಸಿದರು. 1908ರಲ್ಲಿ ಲಂಡನ್ನಿನಲ್ಲಿ ನಿಧನರಾದರು.

ಕೆರೆ ಮತ್ತು ಕಾಲುವೆಗಳ ಕಾರ್ಯ

ಸುಮಾರು 27 ಸಾವಿರ ಚದರ ಮೈಲಿ ವಿಸ್ತಾರದ ಮೈಸೂರು ಸೀಮೆಯ ಶೇಕಡಾ 60ರಷ್ಟು ಭಾಗವನ್ನು ಅಲ್ಲಿನ ಜನರೇ ತಮ್ಮ ಪರಿಶ್ರಮದಿಂದ ಕೆರೆಗಳ ವ್ಯವಸ್ಥೆಗೆ ಒಳಪಡಿಸಿದ್ದಾರೆಂದು ಸ್ಯಾಂಕಿ 1866ರಲ್ಲಿ ದಾಖಲಿಸಿದರು. ಸರಪಳಿಯಂತೆ ಜೋಡಣೆಗೊಂಡ ಈ ಕೆರೆಗಳಲ್ಲಿ ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಹರಿಯುತ್ತಿತ್ತು. ಆದ್ದರಿಂದ ಒಂದು ಏರಿ ಒಡೆದರೆ ಕೆಳಗಿನವುಗಳಿಗೂ ಅಪಾಯವಿತ್ತು. ಆಸ್ಟ್ರೇಲಿಯಾದ ವಿಕ್ಟೋರಿಯಾ ಸರ್ಕಾರವು ಕೋಲಿಬನ್ ನದಿಯ ನೀರನ್ನು ಕಾಲುವೆಗಳ ಮೂಲಕ ಚಿನ್ನದ ಗಣಿ ಪ್ರದೇಶಗಳಿಗೆ ಒಯ್ಯುವ ಯೋಜನೆಯ ಪರಿಶೀಲನೆಗೆ ಅವರನ್ನು ಎರವಲು ಪಡೆಯಿತು. ಅವರು 1871ರಲ್ಲಿ ಆ ಕುರಿತು ವರದಿ ನೀಡಿದರು.

ಸ್ಯಾಂಕಿ ಕೆರೆ

ಸುಮಾರು 37 ಎಕರೆ ವಿಸ್ತಾರದ ಈ ಕೆರೆಯನ್ನು 1882ರಲ್ಲಿ ನಿರ್ಮಿಸಲಾಯಿತು. 1876–78ರ ಭೀಕರ ಕ್ಷಾಮದ ಅನುಭವದ ನಂತರ, ನೀರಿನ ಕೊರತೆಯನ್ನು ಎದುರಿಸುವುದು ಇದರ ಉದ್ದೇಶವಾಗಿತ್ತು. ಸಮೀಪದಲ್ಲಿ ಸರ್ಕಾರಿ ಗಂಧದ ಕೋಠಿ ಇದ್ದುದರಿಂದ ಗಂಧದಕೋಟಿ ಕೆರೆ ಎಂಬ ಹೆಸರೂ ಬಂದಿತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯ ಮೂಲಕ ನೀರು ಬರತೊಡಗಿದಾಗ ನಗರವು ಸುತ್ತಲಿನ ಕೆರೆಗಳ ಮೇಲಿನ ಅವಲಂಬನೆಯನ್ನು ಕಡಿಮೆ ಮಾಡಿಕೊಂಡಿತು.

ವಿಸ್ತರಣೆಯ ವಿವಾದಗಳು

ಕೆರೆಯ ಪಕ್ಕದ ರಸ್ತೆಭಾಗದ ಅಗಲೀಕರಣಕ್ಕಾಗಿ ಮರಗಳನ್ನು ಕಡಿಯುವುದನ್ನು 2011ರಲ್ಲಿ ನಾಗರಿಕರು ವಿರೋಧಿಸಿ ನ್ಯಾಯಾಲಯದ ಮೊರೆಹೋದರು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಸುಮಾರು 6.7 ಕಿ.ಮೀ. ಉದ್ದದ ಉಕ್ಕಿನ ಮೇಲ್ಸೇತುವೆ ಯೋಜನೆಯಲ್ಲಿ ಈ ರಸ್ತೆಯ ಭಾಗವೂ ಸೇರಿತ್ತು. ಅದಕ್ಕಾಗಿ 812 ಮರಗಳನ್ನು ತೆರವುಗೊಳಿಸಬೇಕಾಗಿತ್ತು. 2016ರ ಅಕ್ಟೋಬರ್‌ನಲ್ಲಿ ಸಾವಿರಾರು ಜನರು ಮಾನವ ಸರಪಳಿ ರಚಿಸಿ ಪ್ರತಿಭಟಿಸಿದರು. 2017ರ ಮಾರ್ಚ್‌ನಲ್ಲಿ ಸರ್ಕಾರವು ಯೋಜನೆಯನ್ನು ಕೈಬಿಟ್ಟಿತು. 2023ರಲ್ಲಿ ಕೆರೆಯ ಪಕ್ಕದ ಮೇಲ್ಸೇತುವೆಯ ಪ್ರಸ್ತಾಪಕ್ಕೂ ವಿರೋಧ ವ್ಯಕ್ತವಾಯಿತು. ವಾಹನ ದಟ್ಟಣೆಯ ನಿವಾರಣೆ ಯೋಜನೆಗಳ ಪರವಾದ ವಾದವಾಗಿದ್ದರೆ, ಮರಗಳು ಮತ್ತು ಕೆರೆಯ ರಕ್ಷಣೆ ವಿರೋಧಿಗಳ ಕಾಳಜಿಯಾಗಿದೆ. ಕ್ಷಾಮದ ನಂತರ ನೀರಿಗಾಗಿ ಕಟ್ಟಿದ ಕೆರೆಯ ದಡವೇ ಈ ವಿವಾದಗಳ ಕೇಂದ್ರವಾಗಿದೆ.